ಪ್ರೆಸ್ ಎರಡು ಸಲ ಹೊಡೆದ ದಿನ: ರಬಾಳೆಯ ಒಂದು ಗಾಲಾದಲ್ಲಿ ಕಲಿತದ್ದು

ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು ಬಂದಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್. ಇಲ್ಲಿ ಕೂತಿರೋರಲ್ಲಿ ಮುಕ್ಕಾಲು ಜನ ಐರೋಳಿ, ಘನ್ಸೋಳಿ, ಮಹಾಪೆ ಕಡೆ ಐಟಿ ಕೆಲಸ ಮಾಡೋರು ಅಂತ ಕೇಳಿದೆ. ನಾನೂ ಹಾಗೇ ಬಂದವನು. 2003ರಲ್ಲಿ ಬೆಳಗಾವಿಯಿಂದ ಒಂದು ಸೂಟ್‌ಕೇಸ್ ಹಿಡ್ಕೊಂಡು ಬಂದೆ. 14 ವರ್ಷ ಕೋಡ್ ಬರೆದೆ, ಬರೆಸಿದೆ, ರಿಲೀಸ್ ನೈಟ್‌ಗಳಲ್ಲಿ ಪಿಜ್ಜಾ ತಿಂದೆ. 2017ರಲ್ಲಿ ಅದನ್ನ ಬಿಟ್ಟು ರಬಾಳೆ ಎಂಐಡಿಸಿಯಲ್ಲಿ ಒಂದು ಚಿಕ್ಕ ಫ್ಯಾಕ್ಟರಿ ನಡೆಸೋಕೆ ಶುರು ಮಾಡಿದೆ. ಶೀಟ್ ಮೆಟಲ್ ಪ್ರೆಸ್ ಶಾಪ್. ತಗಡು ತರೋದು, ಕತ್ತರಿಸೋದು, ಪ್ರೆಸ್ಸಿನಲ್ಲಿ ಒತ್ತಿ ಬ್ರ್ಯಾಕೆಟ್ಟು, ಕ್ಲಿಪ್ಪು, ಕವರು ಮಾಡಿ ಕೊಡೋದು.

"ಐಟಿ ಬಿಟ್ಟು ಫ್ಯಾಕ್ಟರಿ ಹಾಕಿ ಗೆದ್ದ ಕನ್ನಡಿಗ" ಅನ್ನೋ ಥರದ ಮಾತು ನಿರೀಕ್ಷೆ ಮಾಡಿದ್ರೆ ನಿರಾಸೆ ಆಗುತ್ತೆ. ನಾನು ಹೇಳೋಕೆ ಬಂದಿರೋದು ನಾನು ಮಾಡಿದ ಒಂದು ತಪ್ಪಿನ ಬಗ್ಗೆ, ಅದರಿಂದ ಒಬ್ಬ ಹುಡುಗನ ಎರಡು ಬೆರಳು ಹೋದದ್ದರ ಬಗ್ಗೆ, ಆಮೇಲೆ ನಾವು ಕೆಲಸ ಮಾಡೋ ರೀತಿಯನ್ನ ಹೇಗೆ ಬದಲಾಯಿಸಿದ್ವಿ ಅನ್ನೋದರ ಬಗ್ಗೆ. ನಿಮ್ಮಲ್ಲಿ ಯಾರಾದರೂ ನಾಳೆ ಫ್ಯಾಕ್ಟರಿ ಹಾಕೋ ಯೋಚನೆ ಇಟ್ಕೊಂಡಿದ್ರೆ ಆ ತಪ್ಪು ಮತ್ತೆ ಆಗಬಾರದು. ಅಷ್ಟೇ ನನ್ನ ಆಸೆ.

ಮಾಮಾನ ಕೈ

ಈ ಶಾಪ್ ಶುರು ಮಾಡಿದ್ದು ನಾನಲ್ಲ, ನನ್ನ ಸೋದರಮಾವ. ಬೆಳಗಾವಿಯ ಉದ್ಯಮಬಾಗದಲ್ಲಿ ಟರ್ನರ್ ಕೆಲಸ ಕಲಿತು, ಇಲ್ಲಿಗೆ ಬಂದು, 1991ರಲ್ಲಿ ರಬಾಳೆಯಲ್ಲಿ ಒಂದು ಗಾಲಾ ಬಾಡಿಗೆಗೆ ಹಿಡಿದರು. ನಮ್ಮ ಕಡೆಯವರಿಗೆ ಕಬ್ಬಿಣದ ಕೆಲಸ ಹೊಸದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯವರೇ. ಮುಂಬಯಿಯ ವಿಜೆಟಿಐಯಲ್ಲಿ ಪಾಠ ಹೇಳ್ತಿದ್ದವರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಮೇವು ಕತ್ತರಿಸೋ ಯಂತ್ರ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಮಾಮಾ ಈ ಕಥೆಯನ್ನ ಗಿರಾಕಿ ಬಂದಾಗೆಲ್ಲ ಹೇಳ್ತಿದ್ರು.

ಮಾಮಾನ ಬಲಗೈಯಲ್ಲಿ ತೋರುಬೆರಳು ಅರ್ಧ ಇರಲಿಲ್ಲ. ಚಿಕ್ಕವನಿದ್ದಾಗ ಕೇಳಿದ್ರೆ "ಇಲಿ ತಿಂತು" ಅನ್ನೋರು. ದೊಡ್ಡವನಾದ ಮೇಲೆ ಹೇಳಿದರು: "ನೋಡ್ ಅಳಿಯಾ, ಪ್ರೆಸ್ಸಿಗೆ ಕಣ್ಣಿಲ್ಲ. ಕಣ್ಣು ನಮಗೈತಿ. ಲಕ್ಷ್ಯ ಇಟ್ರ ಏನೂ ಆಗಂಗಿಲ್ಲ." ಇದನ್ನ ಅವರು ಪೂರ್ತಿ ನಂಬಿದ್ದರು. ನಾನೂ ನಂಬಿದೆ. ಈ ಮಾತಿನಲ್ಲಿರೋ ತಪ್ಪು ಏನು ಅಂತ ಆಮೇಲೆ ಹೇಳ್ತೀನಿ.

ರಬಾಳೆ ನೋಡದವರಿಗೆ ಒಂದೆರಡು ಮಾತು. ಠಾಣೆಯಿಂದ ವಾಶಿಗೆ ಹೋಗೋ ಲೋಕಲ್‌ನಲ್ಲಿ ಐರೋಳಿ ಆದಮೇಲೆ ರಬಾಳೆ, ಆಮೇಲೆ ಘನ್ಸೋಳಿ. ಠಾಣೆ–ಬೇಲಾಪುರ ರಸ್ತೆ ದಾಟಿ ಪಾರಸಿಕ್ ಗುಡ್ಡದ ಕಡೆ ನಡೆದರೆ ಎಂಐಡಿಸಿ. ಟ್ರಾನ್ಸ್ ಠಾಣೆ ಕ್ರೀಕ್, ಅಂದ್ರೆ ಟಿಟಿಸಿ ಕೈಗಾರಿಕಾ ಪ್ರದೇಶ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದ್ದು 1962ರಲ್ಲಿ. ಹಳೇ ಕಾರ್ಖಾನೆಗಳು ಮುಚ್ಚಿದ ಜಾಗಗಳಲ್ಲಿ ಈಗ ಐಟಿ ಪಾರ್ಕು, ಡೇಟಾ ಸೆಂಟರ್ ಎದ್ದಿವೆ. ನಿಮ್ಮ ಆಫೀಸಿನ ಗಾಜಿನ ಕಟ್ಟಡದಿಂದ ಎರಡು ಗಲ್ಲಿ ಆಚೆ ನಮ್ಮಂಥ ಗಾಲಾಗಳು ಇನ್ನೂ ಇವೆ. ಮಧ್ಯಾಹ್ನ ನೀವು ಚಹಾಕ್ಕೆ ಹೊರಗೆ ಬಂದಾಗ ಕೇಳ್ತೀರಲ್ಲ, ಢಣ್ ಢಣ್ ಅಂತ, ಅದು ನಾವೇ.

ಗಾಜಿನ ಕ್ಯಾಬಿನ್

ಮಾಮಾಗೆ ಬೈಪಾಸ್ ಆಯ್ತು, ಶಾಪ್ ಮಾರ್ತೀನಿ ಅಂದರು, ನಾನು ತಗೊಂಡೆ. ಆಗ 14 ಜನ ಕೆಲಸಗಾರರು, ಆರು ಪವರ್ ಪ್ರೆಸ್, ಒಂದು ಶೇರಿಂಗ್ ಮಶೀನ್, ಎರಡು ಡ್ರಿಲ್, ಒಂದು ಗ್ರೈಂಡರ್. ನಾನು ಮಾಡಿದ ಮೊದಲ ಕೆಲಸ ಒಂದು ಗಾಜಿನ ಕ್ಯಾಬಿನ್ ಕಟ್ಟಿಸಿದ್ದು, ಎರಡನೇದು ಎಕ್ಸೆಲ್ ಶೀಟ್. ಯಾವ ಪ್ರೆಸ್ ಗಂಟೆಗೆ ಎಷ್ಟು ಪೀಸ್ ಹೊಡೀತು, ಯಾವ ಆಪರೇಟರ್ ಎಷ್ಟು, ಎಲ್ಲಾ ಬಣ್ಣಬಣ್ಣದ ಸೆಲ್‌ಗಳು. ಹಸಿರು ಇದ್ರೆ ಖುಷಿ, ಕೆಂಪು ಇದ್ರೆ ಸೂಪರ್‌ವೈಸರ್‌ನ ಕರೆಸೋದು.

ಸುರಕ್ಷತೆಗೂ ಖರ್ಚು ಮಾಡಿದೆ. ಮಾಮಾನ ಬೆರಳು ನೆನಪಿತ್ತು. ಮೂರು ಪ್ರೆಸ್‌ಗಳಿಗೆ ಲೈಟ್ ಕರ್ಟನ್ ಸೆನ್ಸರ್ ಹಾಕಿಸಿದೆ. ಎರಡು ಕಂಬ, ಮಧ್ಯೆ ಕಾಣದ ಬೆಳಕಿನ ಪರದೆ. ಕೈ ಒಳಗೆ ಹೋದ್ರೆ ಬೆಳಕು ಕಡಿಯುತ್ತೆ, ಪೆಡಲ್ ಒತ್ತಿದರೂ ಪ್ರೆಸ್ ಹೊಡೆಯಲ್ಲ. ಹಸಿರು ದೀಪ ಉರೀತಿರುತ್ತೆ. ಗಿರಾಕಿಗಳು ಬಂದಾಗ ಕೈ ಹಾಕಿ ತೋರಿಸ್ತಿದ್ದೆ. ಮಾಮಾ ಒಂದು ಸಲ ಬಂದು ನೋಡಿ, "ಛಲೋ ಮಾಡಿದಿ" ಅಂದರು.

2018ರ ಆಗಸ್ಟ್. ಹಬ್ಬದ ಮುಂಚಿನ ಆರ್ಡರ್, ತುಂಬಾ ಒತ್ತಡ. ಯಾದಗಿರಿ ಕಡೆಯ ಒಬ್ಬ ಹುಡುಗ, 22 ವರ್ಷ, ಬಂದು ಮೂರು ವಾರ ಆಗಿತ್ತು. ಅವನ ಊರಿನವರು ಘನ್ಸೋಳಿಯಲ್ಲಿ ಕಟ್ಟಡದ ಕೆಲಸಕ್ಕಿದ್ದರು. "ಕನ್ನಡದ ಸಾಹೇಬ್ರು ಅದಾರ" ಅಂತ ಕೇಳಿ ನನ್ನ ಹತ್ತಿರ ಬಂದಿದ್ದ. ಹೆಲ್ಪರ್ ಅಂತ ಸೇರಿಸ್ಕೊಂಡಿದ್ದೆ. ಅವತ್ತು ಆಪರೇಟರ್ ರಜೆ, ಇವನನ್ನ ಪ್ರೆಸ್ ಮುಂದೆ ಕೂರಿಸಿದ್ವಿ. ಸೆನ್ಸರ್ ಇರೋ ಪ್ರೆಸ್ಸೇ. ಸೆನ್ಸರ್ ಆನ್ ಇತ್ತು.

ಮಧ್ಯಾಹ್ನ ಮೂರು ಗಂಟೆ ಸುಮಾರಿಗೆ ಅವನು ಪೆಡಲ್ ಒತ್ತಿದ, ಪ್ರೆಸ್ ಹೊಡೀತು, ರ‍್ಯಾಮ್ ಮೇಲೆ ಹೋಯ್ತು. ಪೀಸ್ ತೆಗೆಯೋಕೆ ಕೈ ಹಾಕಿದ. ಪೆಡಲ್‌ನಿಂದ ಕಾಲು ತೆಗೆದಿದ್ದ. ಪ್ರೆಸ್ ಮತ್ತೊಂದು ಸಲ ಕೆಳಗೆ ಬಂತು.

ಬಲಗೈಯ ಎರಡು ಬೆರಳು, ಮೊದಲ ಗೆಣ್ಣಿನಿಂದ.

ಆ ಹೊತ್ತಿನಲ್ಲಿ ಏನು ಮಾಡಬೇಕು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಓಡಿಹೋಗಿ ಚಹಾದಂಗಡಿಯಿಂದ ಐಸ್ ತಂದು ಬೆರಳ ತುಂಡುಗಳನ್ನ ನೇರವಾಗಿ ಐಸಿನಲ್ಲಿ ಹಾಕಿದ. ಅದು ತಪ್ಪು, ಅಂಗಾಂಶ ಹೆಪ್ಪುಗಟ್ಟಿ ಹಾಳಾಗುತ್ತೆ. ದಯವಿಟ್ಟು ಇದೊಂದು ನೆನಪಿಟ್ಕೊಳ್ಳಿ, ಮನೆಯಲ್ಲೂ ಬೇಕಾಗಬಹುದು: ತುಂಡನ್ನ ಸ್ವಚ್ಛವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನ ಐಸ್ ನೀರಿನ ಮೇಲೆ ಇಡಬೇಕು. ಗಾಯಕ್ಕೆ ಒತ್ತಿ ಹಿಡಿದು ಕೈ ಎತ್ತರದಲ್ಲಿ ಇಡಬೇಕು. ನಾವು ಮುಟ್ಟೋ ಹೊತ್ತಿಗೆ ಡಾಕ್ಟರು ಜೋಡಿಸೋಕೆ ಆಗಲ್ಲ ಅಂದರು.

ಎರಡನೇ ತಪ್ಪು ಇನ್ನೂ ನಾಚಿಕೆಯದು. ಅವನನ್ನ ಇಎಸ್‌ಐಗೆ ಸೇರಿಸಿರಲಿಲ್ಲ. "ಹುಡುಗ ನಿಲ್ತಾನೋ ಇಲ್ವೋ, ಮುಂದಿನ ತಿಂಗಳು ನೋಡೋಣ" ಅಂತ ಅಕೌಂಟೆಂಟ್‌ಗೆ ನಾನೇ ಹೇಳಿದ್ದೆ. ಆಸ್ಪತ್ರೆಯ ಖರ್ಚೆಲ್ಲ ಕೊಟ್ಟೆ, ಸಂಬಳ ಕೊಟ್ಟೆ, ಪರಿಹಾರ ಕೊಟ್ಟೆ. ಅದನ್ನ ದೊಡ್ಡತನ ಅಂತ ಹೇಳ್ತಿಲ್ಲ. ಕಾನೂನಿನಲ್ಲಿ ಅವನಿಗೆ ಹಕ್ಕಾಗಿ ಸಿಗಬೇಕಾದದ್ದು ನನ್ನ ಕೈಯಿಂದ ಉಪಕಾರದ ಥರ ಸಿಕ್ಕಿತು. ಅದು ಸರಿಯಲ್ಲ.

ಎರಡನೇ ದಿನ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು, "ಏನಾಯ್ತಪ್ಪಾ?" ಅಂದೆ. ಬೈಯ್ಯೋಕೆ ಬಂದಿದೀನಿ ಅಂದ್ಕೊಂಡ ಅನ್ಸುತ್ತೆ. ಮೆಲ್ಲಗೆ ಅಂದ: "ಮುಂಜಾನಿಂದ ಮೂರ್ ಸಲ ಎರಡೆರಡ್ ಹೊಡದಿತ್ರಿ ಅಣ್ಣಾರ. ನಾ ಹೇಳಿದ್ನಿ. ಅವ್ರು 'ಹೋತಾ ಹೈ' ಅಂದ್ರು."

ಮೂರು ಸಲ. ನೀವೆಲ್ಲ ಆನ್-ಕಾಲ್ ಮಾಡಿದೋರು. ಸರ್ವರ್ ಬೀಳೋಕೆ ಮುಂಚೆ ಲಾಗ್‌ನಲ್ಲಿ ಮೂರು ವಾರ್ನಿಂಗ್ ಬಂದಿತ್ತು, ಯಾರೂ ನೋಡಲಿಲ್ಲ ಅಂದ್ರೆ ಪೋಸ್ಟ್‌ಮಾರ್ಟಮ್ ಮೀಟಿಂಗ್‌ನಲ್ಲಿ ಏನಾಗುತ್ತೆ ಅಂತ ಗೊತ್ತು. ನನ್ನ ಎಕ್ಸೆಲ್‌ನಲ್ಲಿ ಆ ದಿನ ಆ ಪ್ರೆಸ್ ಮಧ್ಯಾಹ್ನದವರೆಗೂ ಹಸಿರು. ಹುಡುಗನಿಗೆ ಹಿಂದಿ ಸರಿಯಾಗಿ ಬರ್ತಿರಲಿಲ್ಲ. ಅವನ ಭಾಷೆ ಬರೋ ಒಬ್ಬನೇ ಮನುಷ್ಯ ಶಾಪಿನಲ್ಲಿ ನಾನು. ನಾನು ಗಾಜಿನ ಹಿಂದೆ ಕೂತಿದ್ದೆ.

ಹಸಿರು ದೀಪ ಯಾಕೆ ಕಾಪಾಡಲಿಲ್ಲ

ಸೆನ್ಸರ್ ಇದ್ರೂ ಹೇಗಾಯ್ತು? ಇದು ಗೊತ್ತಾಗೋಕೆ ನನಗೆ ವಾರ ಬೇಕಾಯ್ತು. ಒಬ್ಬ ಹಳೇ ಮೇಂಟೆನೆನ್ಸ್ ಫಿಟ್ಟರ್ ಪ್ರೆಸ್ಸಿನ ಕವರ್ ಬಿಚ್ಚಿ ತೋರಿಸಿದರು.

ಪವರ್ ಪ್ರೆಸ್ಸಿನಲ್ಲಿ ಒಂದು ದೊಡ್ಡ ಫ್ಲೈವೀಲ್ ಯಾವಾಗಲೂ ತಿರುಗ್ತಾ ಇರುತ್ತೆ. ಪೆಡಲ್ ಒತ್ತಿದಾಗ ಕ್ಲಚ್ ಕೂಡಿಕೊಂಡು ಆ ಶಕ್ತಿ ಕ್ರ್ಯಾಂಕ್‌ಗೆ ಹೋಗುತ್ತೆ, ರ‍್ಯಾಮ್ ಕೆಳಗೆ ಬರುತ್ತೆ. ಕ್ಲಚ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಹಳೇ ಪ್ರೆಸ್‌ಗಳಲ್ಲಿ ಕೀ ಕ್ಲಚ್. ಒಂದು ಉಕ್ಕಿನ ಕೀಲು ತಿರುಗಿ ಫ್ಲೈವೀಲಿಗೆ ಸಿಕ್ಕಿಕೊಳ್ಳುತ್ತೆ. ಒಂದು ಸಲ ಸಿಕ್ಕಿಕೊಂಡ ಮೇಲೆ ಪೂರ್ತಿ ಒಂದು ಸುತ್ತು ಮುಗಿಯೋವರೆಗೆ ಬಿಡಲ್ಲ. ಮಧ್ಯದಲ್ಲಿ ನಿಲ್ಲಿಸೋಕೆ ಆಗೋದೇ ಇಲ್ಲ. ಇನ್ನೊಂದು ಗಾಳಿಯ ಒತ್ತಡದಲ್ಲಿ ನಡೆಯೋ ಫ್ರಿಕ್ಷನ್ ಕ್ಲಚ್, ಜೊತೆಗೆ ಬ್ರೇಕ್. ಅದನ್ನ ಮಧ್ಯದಲ್ಲೇ ನಿಲ್ಲಿಸಬಹುದು.

ನಾನು ಸೆನ್ಸರ್ ಹಾಕಿಸಿದ್ದು ಕೀ ಕ್ಲಚ್ ಪ್ರೆಸ್‌ಗಳಿಗೆ. ಆ ಸೆನ್ಸರ್ ಪೆಡಲನ್ನ ತಡೆಯುತ್ತೆ, ಅಷ್ಟೇ. ಕೀಲಿನ ಸ್ಪ್ರಿಂಗ್ ಸವೆದು ಕ್ಲಚ್ ತಾನಾಗಿ ಮತ್ತೆ ಸಿಕ್ಕಿಕೊಂಡಾಗ ಸೆನ್ಸರ್ ಕೈಯನ್ನ ನೋಡ್ತು, ಸಿಗ್ನಲ್ ಕೊಡ್ತು. ಆ ಸಿಗ್ನಲ್ ಕೇಳೋ ಅಂಗವೇ ಪ್ರೆಸ್ಸಿನಲ್ಲಿ ಇರಲಿಲ್ಲ. ನಿಮಿಷಕ್ಕೆ 60 ಸ್ಟ್ರೋಕ್ ಹೊಡೆಯೋ ಪ್ರೆಸ್ ಅಂದ್ರೆ ಮೇಲಿಂದ ಕೆಳಗೆ ಬರೋಕೆ ಅರ್ಧ ಸೆಕೆಂಡ್. ಯಾವ ಮನುಷ್ಯ ಎಷ್ಟೇ ಲಕ್ಷ್ಯ ಇಟ್ಟಿದ್ದರೂ ಅಷ್ಟರಲ್ಲಿ ನೋಡಿ, ತಿಳಿದು, ಕೈ ತೆಗೆಯೋದು ಕಷ್ಟ. ಮಾಮಾನ ಮಾತಿನಲ್ಲಿದ್ದ ತಪ್ಪು ಇದೇ. ಲಕ್ಷ್ಯ ಅನ್ನೋದು ದಿನಕ್ಕೆ ನಾಲ್ಕು ಸಾವಿರ ಸಲ ಕೈ ಹಾಕೋ ಕೆಲಸದಲ್ಲಿ ನಾಲ್ಕು ಸಾವಿರ ಸಲವೂ ಇರಲ್ಲ. ಒಂದು ಸಲ ಮನೆಯ ನೆನಪಾಗುತ್ತೆ. ಲಕ್ಷ್ಯ ತಪ್ಪಿದಾಗಲೂ ಬೆರಳು ಉಳಿಯಬೇಕು, ಹಾಗೆ ಕೆಲಸವನ್ನ ಕಟ್ಟಬೇಕು.

ಇದು ನಮ್ಮ ಒಂದು ಗಾಲಾದ ಕಥೆ ಅಲ್ಲ. ಮಾನೇಸರ್, ಫರೀದಾಬಾದ್ ಕಡೆಯ ವಾಹನ ಬಿಡಿಭಾಗದ ಶಾಪ್‌ಗಳಲ್ಲಿ ಗಾಯಗೊಂಡವರನ್ನ ಮಾತಾಡಿಸಿ ಸೇಫ್ ಇನ್ ಇಂಡಿಯಾ ಫೌಂಡೇಶನ್ 2019ರಿಂದ 'ಕ್ರಷ್ಡ್' ಅನ್ನೋ ವರದಿಗಳನ್ನ ಹೊರತರ್ತಾ ಇದೆ. ಬೆರಳು ಹೋಗೋದಕ್ಕೆ ಅಲ್ಲೂ ಮುಖ್ಯ ಕಾರಣ ಪವರ್ ಪ್ರೆಸ್ಸೇ.

ನಾವು ಏನು ಬದಲಾಯಿಸಿದ್ವಿ

ಒಂದು. ಡೈ ಒಳಗೆ ಕೈ ಹೋಗಲೇಬಾರದು. ಇದು ಮೊದಲ ನಿಯಮ. ಚಿಕ್ಕ ಪೀಸ್‌ಗಳಿಗೆ ಜಾರುವ ಟ್ರೇ ಮಾಡಿದ್ವಿ: ಹೊರಗೆ ಪೀಸ್ ಇಟ್ಟು ಒಳಗೆ ತಳ್ಳೋದು. ಹೊಡೆದ ಪೀಸ್ ಗಾಳಿ ಊದಿ ಹಿಂದಕ್ಕೆ ಬೀಳೋ ಹಾಗೆ ಮಾಡಿದ್ವಿ. ಸ್ಟ್ರಿಪ್ ಹಾಕೋ ಡೈಗಳಿಗೆ ಸುತ್ತ ಜಾಲರಿ ಗಾರ್ಡ್, ಸ್ಟ್ರಿಪ್ ಹೋಗೋ ಸಂದು 6 ಮಿಲಿಮೀಟರ್ ದಾಟದ ಹಾಗೆ. ಅಷ್ಟರಲ್ಲಿ ಬೆರಳು ಹೋಗಲ್ಲ. ಕೈ ಬೇಕೇ ಬೇಕು ಅನ್ನೋ ಕಡೆ ಮ್ಯಾಗ್ನೆಟ್ ಇರೋ ಇಕ್ಕಳ, ಅದೂ ಗಾರ್ಡಿನ ಜೊತೆಗೆ ಮಾತ್ರ.

ಎರಡು. ಆರರಲ್ಲಿ ಎರಡು ಕೀ ಕ್ಲಚ್ ಪ್ರೆಸ್ ಸ್ಕ್ರ್ಯಾಪಿಗೆ ಹಾಕಿದೆ. ಮಾರಬಹುದಿತ್ತು, ದುಡ್ಡು ಬರ್ತಿತ್ತು, ಆದ್ರೆ ಇನ್ನೊಂದು ಗಾಲಾದಲ್ಲಿ ಇನ್ನೊಬ್ಬ ಹುಡುಗ ಅದರ ಮುಂದೆ ಕೂರ್ತಿದ್ದ. ಉಳಿದ ಕೀ ಕ್ಲಚ್ ಪ್ರೆಸ್‌ಗಳು ಪೂರ್ತಿ ಮುಚ್ಚಿದ ಗಾರ್ಡ್ ಇರೋ ಕೆಲಸಕ್ಕೆ ಮಾತ್ರ. ಹೊಸದಾಗಿ ತಗೊಂಡ ಎರಡು ನ್ಯುಮ್ಯಾಟಿಕ್ ಕ್ಲಚ್ ಪ್ರೆಸ್. ಅದಕ್ಕೆ ಎರಡೂ ಕೈಯ ಬಟನ್: ಎರಡನ್ನೂ ಅರ್ಧ ಸೆಕೆಂಡಿನ ಒಳಗೆ ಒಟ್ಟಿಗೆ ಒತ್ತಬೇಕು, ಒಂದನ್ನ ಕಟ್ಟಿಹಾಕಿದರೆ ಓಡಲ್ಲ. ಸೆನ್ಸರೂ ಇದೆ, ಈ ಸಲ ಅಳತೆ ಹಿಡಿದು. ಲೆಕ್ಕ ಸುಲಭ. ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಒಳಗೆ ಹೋಗಬಹುದು ಅಂತ ಹಿಡೀರಿ. ಪ್ರೆಸ್ ನಿಲ್ಲೋಕೆ 0.2 ಸೆಕೆಂಡ್ ಬೇಕಾದ್ರೆ ಸೆನ್ಸರ್ ಡೈಯಿಂದ ಕನಿಷ್ಠ 40 ಸೆಂಟಿಮೀಟರ್ ದೂರ ಇರಬೇಕು, ಅದರ ಮೇಲೆ ಇನ್ನಷ್ಟು ಅಂತರ. ಹತ್ತಿರ ಇಟ್ರೆ ಸೆನ್ಸರ್ ಇದ್ದೂ ಇಲ್ಲದ ಹಾಗೆ. ಬ್ರೇಕ್ ಸವೆದ ಹಾಗೆ ನಿಲ್ಲೋ ಸಮಯ ಜಾಸ್ತಿಯಾಗುತ್ತೆ, ಆದ್ದರಿಂದ ಅದನ್ನ ಆಗಾಗ ಅಳೀಬೇಕು.

ಮೂರು. ಡೈ ಬದಲಾಯಿಸುವಾಗ, ರಿಪೇರಿ ಮಾಡುವಾಗ ಮೇನ್ ಸ್ವಿಚ್ ಆಫ್ ಮಾಡಿ ಬೀಗ. ಬೀಗದ ಕೈ ಕೆಲಸ ಮಾಡೋನ ಜೇಬಿನಲ್ಲಿ. ಫ್ಲೈವೀಲ್ ಪೂರ್ತಿ ನಿಂತ ಮೇಲೆ, ರ‍್ಯಾಮಿನ ಕೆಳಗೆ ಸೇಫ್ಟಿ ಬ್ಲಾಕ್ ಇಟ್ಟ ಮೇಲೆ ಕೈ ಒಳಗೆ. ಬೀಗದ ಬೆಲೆ ಮುನ್ನೂರು ರೂಪಾಯಿ.

ನಾಲ್ಕು, ಇದು ಎಲ್ಲಕ್ಕಿಂತ ಕಷ್ಟದ್ದು. ಯಾರು ಬೇಕಾದರೂ ಮಶೀನ್ ನಿಲ್ಲಿಸಬಹುದು. ಹೊಸ ಹೆಲ್ಪರ್ ಕೂಡ. ಜಪಾನಿನ ಸಾಕಿಚಿ ಟೊಯೋಡಾ ನೂಲು ಹರಿದ ತಕ್ಷಣ ತಾನಾಗಿ ನಿಲ್ಲುವ ಮಗ್ಗ ಮಾಡಿದ್ದರು. ಅವರ ಹೆಸರಾಂತ ಜಿ ಮಾದರಿಯ ಸ್ವಯಂಚಾಲಿತ ಮಗ್ಗ 1924ರದ್ದು. ತಪ್ಪಾದಾಗ ನಿಲ್ಲು ಅನ್ನೋ ಆ ವಿಚಾರವೇ ಮುಂದೆ ಟೊಯೋಟಾ ಕಾರ್ಖಾನೆಗಳ ಬುನಾದಿ ಆಯ್ತು. ಓದಿದಾಗ ಚೆನ್ನಾಗಿರುತ್ತೆ. ಆದ್ರೆ ಆರ್ಡರ್ ತಡವಾಗಿರೋವಾಗ 20 ವರ್ಷದ ಹುಡುಗ ಪ್ರೆಸ್ ನಿಲ್ಲಿಸಿ "ಶಬ್ದ ಬೇರೆ ಬರ್ತಿದೆ" ಅಂದ್ರೆ ಮಾಲೀಕನ ಮುಖ ಹೇಗಿರುತ್ತೆ? ಅವನು ನೋಡೋದು ಗೋಡೆ ಮೇಲಿನ ಪೋಸ್ಟರ್ ಅಲ್ಲ, ಆ ಮುಖ. ಮೊದಲ ಸಲ ಒಬ್ಬ ಸುಮ್ಮಸುಮ್ಮನೆ ನಿಲ್ಲಿಸಿದ. ಪರೀಕ್ಷೆ ಮಾಡಿದಾಗ ಏನೂ ಇರಲಿಲ್ಲ. 40 ನಿಮಿಷ ಹೋಯ್ತು. ನಾನು ಅವನಿಗೆ ಎಲ್ಲರ ಮುಂದೆ ಚಹಾ ತರಿಸಿದೆ. ಒಳಗೆ ಉರೀತಿತ್ತು, ನಿಜ ಹೇಳ್ತೀನಿ. ಆದ್ರೆ ಆ ಚಹಾದ ನಂತರವೇ ಜನ ಬಾಯಿ ಬಿಡೋಕೆ ಶುರು ಮಾಡಿದ್ದು.

ಐದು. ಬೆಳಿಗ್ಗೆ ಹತ್ತು ನಿಮಿಷ ನಿಂತುಕೊಂಡೇ ಮೀಟಿಂಗ್. ನಿಮ್ಮ ಸ್ಟ್ಯಾಂಡ್‌ಅಪ್ಪೇ, ಆದ್ರೆ ಲ್ಯಾಪ್‌ಟಾಪ್ ಇಲ್ಲ. ಒಂದೇ ಪ್ರಶ್ನೆ: ನಿನ್ನೆ ಯಾವ ಮಶೀನ್ ವಿಚಿತ್ರವಾಗಿ ನಡ್ಕೊಂಡಿತು? ಹಿಂದಿ, ಮರಾಠಿ, ಕನ್ನಡ, ಒಡಿಯಾ, ಯಾವುದರಲ್ಲಿ ಹೇಳಿದರೂ ಸರಿ, ಪಕ್ಕದವನು ಅನುವಾದ ಮಾಡ್ತಾನೆ. ಅದನ್ನ ಬೋರ್ಡಿನ ಮೇಲೆ ಬರೀತೀವಿ, ಸರಿಪಡಿಸಿದ ಮೇಲೆ ಮಾತ್ರ ಅಳಿಸ್ತೀವಿ. ಗಾಜಿನ ಕ್ಯಾಬಿನ್ ಒಡೆಸಿ ಅಲ್ಲಿ ಡೈ ಇಡೋ ರ‍್ಯಾಕ್ ಹಾಕಿದೆ. ನನ್ನ ಟೇಬಲ್ ಈಗ ಪ್ರೆಸ್‌ಗಳ ಮಧ್ಯೆ, ಕಿವಿಗೆ ಇಯರ್ ಪ್ಲಗ್.

ಬೆಂಕಿ ಮತ್ತು ಮಾಳಿಗೆ

ಗಾಲಾ ನಡೆಸೋರು ಮಾಡೋ ಇನ್ನೊಂದು ತಪ್ಪು: ಕೆಲಸಗಾರರನ್ನ ರಾತ್ರಿ ಗಾಲಾದ ಮಾಳಿಗೆಯಲ್ಲೇ ಮಲಗಿಸೋದು. ಬಾಡಿಗೆ ಉಳಿಯುತ್ತೆ, ಹುಡುಗರಿಗೂ ಖರ್ಚಿಲ್ಲ, ಇಬ್ಬರಿಗೂ ಒಳ್ಳೇದು ಅನ್ಸುತ್ತೆ. ಅಲ್ಲೇ ಗ್ಯಾಸ್ ಸಿಲಿಂಡರು, ಅಲ್ಲೇ ಎಣ್ಣೆ ಡ್ರಮ್ಮು, ಇಳಿಯೋಕೆ ಒಂದೇ ಏಣಿ. 2017ರ ಡಿಸೆಂಬರ್ 18ರ ನಸುಕಿನಲ್ಲಿ ಸಾಕಿನಾಕಾದ ಖೈರಾನಿ ರಸ್ತೆಯ ಒಂದು ಫರ್ಸಾಣ್ ಅಂಗಡಿಗೆ ಬೆಂಕಿ ಬಿದ್ದು 12 ಕೆಲಸಗಾರರು ಸತ್ತರು. ಅವರು ಮಲಗ್ತಿದ್ದದ್ದು ಅಲ್ಲೇ. ಡೊಂಬಿವಲಿ ಎಂಐಡಿಸಿಯ ಸ್ಫೋಟಗಳು ನಿಮಗೆ ನೆನಪಿರಬಹುದು, 2016ರ ಮೇ 26, 2024ರ ಮೇ 23. ಅಲ್ಲಿ ಅಕ್ಕಪಕ್ಕದ ಮನೆ, ಅಂಗಡಿಗಳ ಗಾಜೂ ಉಳಿಯಲಿಲ್ಲ. ಆದ್ದರಿಂದ ಜಾಗ ನೋಡುವಾಗ ನಿಮ್ಮ ಗಾಲಾ ಮಾತ್ರ ನೋಡಬೇಡಿ. ಪಕ್ಕದವನು ಏನು ಮಾಡ್ತಾನೆ, ಗೋಡೆಯ ಆಚೆ ಯಾವ ಡ್ರಮ್ ಇದೆ, ಫೈರ್ ಗಾಡಿ ಒಳಗೆ ತಿರುಗುತ್ತಾ, ನೋಡಿ. ನಾವು ಹುಡುಗರಿಗೆ ಹತ್ತಿರದಲ್ಲಿ ಎರಡು ರೂಮ್ ಹಿಡಿದು ಕೊಟ್ಟಿದ್ದೀವಿ. ರಾತ್ರಿ ಗಾಲಾಗೆ ಬೀಗ, ಒಳಗೆ ಯಾರೂ ಇಲ್ಲ.

ಇಷ್ಟೆಲ್ಲ ಮಾಡಿದ್ರೆ ಉತ್ಪಾದನೆ ಕಡಿಮೆ ಆಗಲ್ವಾ?

ಎಲ್ಲರೂ ಕೇಳೋ ಪ್ರಶ್ನೆ. ಮೊದಲ ಎರಡು ತಿಂಗಳು ಆಯ್ತು. ಗಾರ್ಡ್ ಹಾಕಿದ ಮೇಲೆ ಗಂಟೆಗೆ ಬರೋ ಪೀಸ್ ಕಡಿಮೆಯಾಯ್ತು, ನಾನು ಹೆದರಿದೆ. ಆಮೇಲೆ ಸ್ಟಾಪ್‌ವಾಚ್ ಹಿಡಿದು ಕೂತಾಗ ಗೊತ್ತಾಯ್ತು: ನಾವು ಸಮಯ ಕಳೀತಿದ್ದದ್ದು ಹೊಡೆಯೋದರಲ್ಲಿ ಅಲ್ಲ, ಡೈ ಬದಲಾಯಿಸೋದರಲ್ಲಿ. ಶಾಪಿನಲ್ಲಿ ದಿನಕ್ಕೆ ಐದು ಸಲ ಡೈ ಬದಲು, ಪ್ರತಿ ಸಲ ಸುಮಾರು 50 ನಿಮಿಷ. ಅಂದ್ರೆ ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಯಾವುದೋ ಒಂದು ಪ್ರೆಸ್ ಸುಮ್ಮನೆ ನಿಂತಿರುತ್ತೆ.

ಶಿಗೆಯೋ ಶಿಂಗೋ ಅನ್ನೋರು 1969ರಲ್ಲಿ ಟೊಯೋಟಾದ ಸಾವಿರ ಟನ್ ಪ್ರೆಸ್ಸಿನ ಡೈ ಬದಲಾವಣೆಯನ್ನ ನಾಲ್ಕು ಗಂಟೆಯಿಂದ ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ಉಪಾಯ ಇಷ್ಟೇ: ಪ್ರೆಸ್ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಪ್ರೆಸ್ ಓಡುತ್ತಿರುವಾಗಲೇ ಮುಗಿಸಬಹುದಾದದ್ದು ಯಾವುದು, ಎರಡನ್ನೂ ಬೇರೆ ಮಾಡೋದು. ನಮ್ಮಲ್ಲಿ ಸೆಟ್ಟರ್ ಪ್ರೆಸ್ ನಿಲ್ಲಿಸಿದ ಮೇಲೆ ಡೈ ಹುಡುಕೋಕೆ ಹೋಗ್ತಿದ್ದ. ಬೋಲ್ಟ್ ಹುಡುಕ್ತಿದ್ದ. ಪಾನಾ ಇನ್ನೊಬ್ಬನ ಹತ್ತಿರ. ಈಗ ಮುಂದಿನ ಡೈ, ಅದರ ಬೋಲ್ಟು, ಪಾನಾ, ಮೊದಲ ಪೀಸ್ ಅಳೆಯೋ ಗೇಜು, ಎಲ್ಲಾ ಒಂದು ಟ್ರಾಲಿಯಲ್ಲಿ ಮೊದಲೇ ಪ್ರೆಸ್ ಪಕ್ಕ ಬಂದು ನಿಂತಿರುತ್ತೆ. ಎಲ್ಲಾ ಡೈಗಳ ಕೆಳಗೆ ಒಂದೇ ಎತ್ತರದ ಪ್ಲೇಟ್ ಹಾಕಿಸಿದ್ವಿ, ಪ್ರತಿ ಸಲ ರ‍್ಯಾಮ್ ಎತ್ತರ ಸರಿಮಾಡೋ ಕೆಲಸ ಹೋಯ್ತು. ಈಗ ಬೀಗ, ಬ್ಲಾಕ್ ಎಲ್ಲಾ ಸೇರಿ 12 ನಿಮಿಷ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ವಾಪಸ್ ಬಂತು. ಗಾರ್ಡಿನಿಂದ ಕಳ್ಕೊಂಡದ್ದು ಅದರ ಮುಂದೆ ಏನೂ ಅಲ್ಲ.

ಇನ್ನೆರಡು ಚಿಕ್ಕ ವಿಷಯ. ತಗಡು ನಾವು ಕಳಂಬೋಲಿಯ ಸ್ಟೀಲ್ ಮಾರ್ಕೆಟ್‌ನಿಂದ ತರ್ತೀವಿ. ಮೊದಲು ಬೆಲೆ ಏರುತ್ತೆ ಅಂತ ತುಂಬಿಡ್ತಿದ್ವಿ. ನವಿ ಮುಂಬಯಿಯ ಮಳೆಗಾಲದಲ್ಲಿ ತಗಡು ಎರಡು ವಾರದಲ್ಲಿ ತುಕ್ಕು ಹಿಡಿಯುತ್ತೆ, ಜೊತೆಗೆ ಓಡಾಡೋ ದಾರಿಯೆಲ್ಲ ಅದೇ. ಈಗ ಬೇಕಾದಷ್ಟೇ ತರ್ತೀವಿ, ನೆಲದ ಮೇಲೆ ಹಳದಿ ಗೆರೆ ಎಳೆದಿದ್ದೀವಿ, ಗೆರೆಯ ಒಳಗೆ ಏನೂ ಇಡಂಗಿಲ್ಲ. ಇನ್ನೊಂದು, ಸ್ಟ್ರಿಪ್ಪಿನಲ್ಲಿ ಪೀಸ್‌ಗಳನ್ನ ಹೇಗೆ ಜೋಡಿಸ್ತೀರಿ ಅನ್ನೋದು. ಓರೆಯಾಗಿ ಜೋಡಿಸಿದರೆ ಅದೇ ತಗಡಿನಲ್ಲಿ ಹೆಚ್ಚು ಪೀಸ್ ಬರುತ್ತೆ. ಪ್ರೆಸ್ ಶಾಪಿನಲ್ಲಿ ಲಾಭ ಅನ್ನೋದು ಬಹುತೇಕ ಸ್ಕ್ರ್ಯಾಪ್ ಡಬ್ಬಿಯಲ್ಲಿ ಬಿದ್ದಿರುತ್ತೆ.

ಕಾಗದ ಪತ್ರ, ದುಡ್ಡು

ಇದು ಬೇಜಾರಿನ ಭಾಗ, ಆದ್ರೆ ನೀವು ಬರ್ಕೊಳ್ಳೋದು ಇದನ್ನೇ. ಎಂಐಡಿಸಿ ಜಾಗ ಸಾಮಾನ್ಯವಾಗಿ ಲೀಸ್. ನೀವು ಇನ್ನೊಬ್ಬರ ಪ್ಲಾಟಿನಲ್ಲಿ ಬಾಡಿಗೆಗೆ ಕೂತರೆ ಅದಕ್ಕೆ ಎಂಐಡಿಸಿ ಒಪ್ಪಿಗೆ ಇದೆಯಾ ಅಂತ ಮೊದಲು ನೋಡಿ. ಮಾಲಿನ್ಯ ಮಂಡಳಿಯಲ್ಲಿ ಉದ್ಯಮಗಳಿಗೆ ಬಣ್ಣಗಳಿವೆ. ಬಣ್ಣ ಬಳಿಯದ, ಶಾಖ ಕೊಡದ, ಆಸಿಡ್ ಮುಟ್ಟದ ಒಣ ಎಂಜಿನಿಯರಿಂಗ್ ಕೆಲಸಕ್ಕೂ ಎಲೆಕ್ಟ್ರೋಪ್ಲೇಟಿಂಗ್‌ಗೂ ಭೂಮಿ ಆಕಾಶದ ಅಂತರ, ಎರಡನೇದು ಕೆಂಪು ಪಟ್ಟಿ. "ಒಂದು ಚಿಕ್ಕ ಪ್ಲೇಟಿಂಗ್ ಟ್ಯಾಂಕ್ ನಾವೇ ಇಟ್ಕೊಳ್ಳೋಣ" ಅನ್ನೋ ಆಸೆ ಬಂದಾಗ ಇದು ನೆನಪಿರಲಿ. ಫೈರ್ ಎನ್‌ಒಸಿ, ಜಿಎಸ್‌ಟಿ, ಉದ್ಯಮ್ ನೋಂದಣಿ. ಉದ್ಯಮ್‌ಗೆ ಫೀಸಿಲ್ಲ, ಯಾರಿಗೂ ದುಡ್ಡು ಕೊಡಬೇಡಿ.

ಕಾರ್ಮಿಕ ಕಾನೂನು. ವಿದ್ಯುತ್ ಬಳಸೋ ಕಡೆ 'ಕಾರ್ಖಾನೆ' ಅನ್ನಿಸ್ಕೊಳ್ಳೋಕೆ 1948ರ ಕಾಯ್ದೆಯಲ್ಲಿ 10 ಜನ ಸಾಕಿತ್ತು, ಮಹಾರಾಷ್ಟ್ರ ಅದನ್ನ 20 ಮಾಡಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ 20. ನಾವು 14 ಜನ, ಹಾಗಾಗಿ ನಮಗೆ ಲಾಗೂ ಇಲ್ಲ ಅಂತ ನಾನು ನಿಶ್ಚಿಂತೆಯಾಗಿದ್ದೆ. ಪ್ರೆಸ್ಸಿಗೆ 14 ಮತ್ತು 20ರ ವ್ಯತ್ಯಾಸ ಗೊತ್ತಾಗಲ್ಲ. ಜನ ಎಷ್ಟೇ ಇರಲಿ, ವಾರಕ್ಕೆ 48 ಗಂಟೆ, ಅದರ ಮೇಲೆ ಎರಡು ಪಟ್ಟು ಕೂಲಿ, ತಿರುಗೋ ಭಾಗಕ್ಕೆ ಗಾರ್ಡ್, ಎಲ್ಲರಿಗೂ ನೇಮಕ ಪತ್ರ, ಇದನ್ನ ಮೊದಲ ದಿನದಿಂದ ಮಾಡಿ.

ಇಎಸ್‌ಐ 10 ಜನಕ್ಕೇ ಬರುತ್ತೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ. 2019ರ ಜುಲೈಯಿಂದ ಮಾಲೀಕನ ಪಾಲು ಶೇ. 3.25, ಕೆಲಸಗಾರನದು ಶೇ. 0.75. ಅಂದ್ರೆ 15,000 ಸಂಬಳಕ್ಕೆ ನಿಮ್ಮ ಕೈಯಿಂದ ತಿಂಗಳಿಗೆ 490 ರೂಪಾಯಿಯಷ್ಟು. ಅದಕ್ಕೆ ಬದಲಾಗಿ ಅವನಿಗೂ ಮನೆಯವರಿಗೂ ಚಿಕಿತ್ಸೆ, ಕೆಲಸದಲ್ಲಿ ಗಾಯವಾದ್ರೆ ಬರೋಕೆ ಆಗದ ದಿನಗಳಿಗೆ ಕೂಲಿಯ ಶೇ. 90, ಅಂಗ ಊನವಾದ್ರೆ ಅದರ ಪ್ರಮಾಣಕ್ಕೆ ತಕ್ಕಂತೆ ಜೀವನಪೂರ್ತಿ ಹಣ. ಆ ಹುಡುಗನ ವಿಷಯದಲ್ಲಿ ನಾನು ಉಳಿಸೋಕೆ ಹೋದದ್ದು ಇಷ್ಟು ಚಿಲ್ಲರೆಯನ್ನ. ಈಗ ನಮ್ಮಲ್ಲಿ ಇಎಸ್‌ಐ ನಂಬರ್ ಆಗದೆ ಯಾರೂ ಮಶೀನ್ ಮುಟ್ಟಲ್ಲ.

ದುಡ್ಡಿನ ಬಗ್ಗೆ ಒಂದೇ ಮಾತು. ಐಟಿಯಲ್ಲಿ ತಿಂಗಳ ಕೊನೆಗೆ ಸಂಬಳ ಬರುತ್ತೆ. ಇಲ್ಲಿ ತಗಡಿಗೆ ಇವತ್ತೇ ದುಡ್ಡು, ಕೂಲಿ ಏಳನೇ ತಾರೀಕು, ಗಿರಾಕಿ ಕೊಡೋದು ಮೂರು ತಿಂಗಳಿಗೆ. ಎಂಎಸ್‌ಎಂಇ ಕಾಯ್ದೆ ಪ್ರಕಾರ ಒಪ್ಪಂದ ಇದ್ದರೂ 45 ದಿನ ಮೀರಂಗಿಲ್ಲ. ಹಾಗೆ ಮೀರಿಸಿದ ಮೊತ್ತವನ್ನ ಕೊಟ್ಟ ವರ್ಷದಲ್ಲೇ ಖರ್ಚಿಗೆ ಹಿಡೀಬೇಕು ಅಂತ 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ನಿಯಮವೂ ಬಂತು. ಚಿಕ್ಕವರಿಗೆ ಸ್ವಲ್ಪ ಬಲ ಬಂದಿದೆ, ಆದ್ರೂ ಮಶೀನಿಗೆ ಎಲ್ಲಾ ಉಳಿತಾಯ ಸುರಿದು ಕೈ ಖಾಲಿ ಮಾಡ್ಕೋಬೇಡಿ. ಕೈ ಖಾಲಿಯಾದ ಮಾಲೀಕನೇ "ಇವತ್ತೊಂದಿನ ಗಾರ್ಡ್ ತೆಗೆದು ಹೊಡೀರಿ" ಅನ್ನೋದು. ನಾನು ನೋಡಿದೀನಿ. ಆರು ತಿಂಗಳ ಕೂಲಿಯಷ್ಟು ಬೇರೆ ಇಟ್ಟು ಶುರು ಮಾಡಿ. ಅದು ಕೂಡ ಸುರಕ್ಷತೆಯ ಸಾಮಾನೇ.

ಕೊನೆಗೆ

ಆ ಹುಡುಗ ಊರಿಗೆ ಹೋದ. ವಾಪಸ್ ಬಾ, ಬೇರೆ ಕೆಲಸ ಕೊಡ್ತೀನಿ ಅಂದೆ, ಬರಲಿಲ್ಲ. ಅವನ ತಾಯಿ ಫೋನಿನಲ್ಲಿ, "ಬ್ಯಾಡ್ರಿ ಯಪ್ಪಾ, ಇದ್ದಷ್ಟು ಕೈಯಿಂದ ಇಲ್ಲೇ ದುಡೀತಾನ" ಅಂದರು. ಈಗ ಊರಲ್ಲಿ ಮೊಬೈಲ್ ರೀಚಾರ್ಜು, ಕಿರಾಣಿ ಇಟ್ಕೊಂಡಿದಾನೆ. ಮದುವೆ ಆಯ್ತು, ಹೋಗಿದ್ದೆ. ಅಕ್ಷತೆ ಹಾಕುವಾಗ ಅವನ ಕೈ ನೋಡದೇ ಇರೋಕೆ ಪ್ರಯತ್ನ ಮಾಡಿದೆ, ಆಗಲಿಲ್ಲ. ಅವನು ನನಗೆ ಊಟ ಬಡಿಸಿದ, ಅದೇ ಕೈಯಿಂದ.

ಮಾಮಾ ಕಳೆದ ವರ್ಷ ತೀರಿಕೊಂಡರು. ಅದಕ್ಕೆ ಮುಂಚೆ ಒಂದು ಸಲ ಶಾಪಿಗೆ ಬಂದು, ಗಾರ್ಡ್ ಹಾಕಿದ ಪ್ರೆಸ್ ಮುಂದೆ ಬಹಳ ಹೊತ್ತು ಕೂತಿದ್ದರು. ಏನೂ ಹೇಳಲಿಲ್ಲ. ಎದ್ದು ಹೋಗುವಾಗ ಜಾಲರಿಯ ಸಂದಿನಲ್ಲಿ ತಮ್ಮ ಅರ್ಧ ಬೆರಳನ್ನ ತೂರಿಸಿ ನೋಡಿದರು. ಹೋಗಲಿಲ್ಲ.

ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. 1966ರಲ್ಲಿ ಅದೇ ದಿನ ಶುರುವಾದ ರಾಷ್ಟ್ರೀಯ ಸುರಕ್ಷತಾ ಮಂಡಳಿಯ ಕೇಂದ್ರ ಕಚೇರಿ ಇಲ್ಲೇ ನಮ್ಮ ಬೇಲಾಪುರದಲ್ಲಿದೆ. ಅವರಲ್ಲಿ ತರಬೇತಿಗಳಿವೆ, ಹೋಗಿ ಕಲೀಬಹುದು. ಫ್ಯಾಕ್ಟರಿ ಹಾಕೋ ಆಸೆ ಇರೋರು ಮಶೀನ್ ಕೊಟೇಶನ್ ತರಿಸೋಕೆ ಮುಂಚೆ ಯಾವುದಾದರೂ ಶಾಪಿನಲ್ಲಿ ಒಂದು ವಾರ ಹೆಲ್ಪರ್ ಪಕ್ಕ ನಿಂತುಕೊಳ್ಳಿ. ನಮ್ಮಲ್ಲಿಗೇ ಬನ್ನಿ, ಕನ್ನಡದಲ್ಲೇ ತೋರಿಸ್ತೀನಿ. ಚಪ್ಪಲಿ ಬೇಡ, ಶೂ ಹಾಕ್ಕೊಂಡು ಬನ್ನಿ. ಬಂದ ಮೊದಲ ದಿನ ಬೆಳಿಗ್ಗೆ ಬೋರ್ಡ್ ಮುಂದೆ ನಿಲ್ಲಿಸಿ ನಿಮಗೂ ಅದೇ ಪ್ರಶ್ನೆ ಕೇಳ್ತೀವಿ.